ಗಳದ ಮೇಲಿನ ಕೌದಿ, ಗೋಡೆಯ ಮೇಲಿನ ಕೌದಿ

ಕಳೆದ ದೀಪಾವಳಿಯಲ್ಲಿ ಉಮರ್ಗಾದ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಕೌದಿಯೊಂದನ್ನು ಗೋಡೆಗೆ ತೂಗುಹಾಕಿದೆವು. ಹಬ್ಬಕ್ಕೆಂದು ಬಂದಿದ್ದ ಹಿರಿಯರೊಬ್ಬರು ಅದನ್ನು ಕಂಡು, “ಏನ್ರಪ್ಪಾ, ಹೊಚ್ಚಿಕೊಳ್ಳೋದು ಗ್ವಾಡಿಗಿ ಹಾಕೀರಿ, ಥಂಡ್ಯಾಗ ಏನ್ ಹೊಚ್ಚಿಕೊಳ್ತೀರಿ?” ಎಂದು ನಕ್ಕರು. ನಾವೂ ನಕ್ಕೆವು. ಆದರೆ ಅವರು ಹೋದ ಮೇಲೆಯೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಹಾಸಿಗೆಯ ವಸ್ತುವನ್ನು ನಾಲ್ವರು ಕಾಣುವಂತೆ ಗೋಡೆಗೆ ಹಾಕುವುದು ದೊಡ್ಡ ಪಟ್ಟಣದವರಿಂದ ನಾವು ಕಲಿತ ಹೊಸ ಶೋಕಿಯೆ? ಅಥವಾ ಅದಕ್ಕೆ ನಮ್ಮ ಮನೆಗಳಲ್ಲಿಯೇ ಒಂದು ಪೂರ್ವಚರಿತ್ರೆಯುಂಟೆ? ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಆ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ. ಅರಸರ ಹಾಗೂ ಕೋಟೆಕೊತ್ತಲಗಳ ಚರಿತ್ರೆಯನ್ನು ಬರೆಯಲು ಸಮರ್ಥರಾದವರು ಬೇರೆ ಇದ್ದಾರೆ. ಉದಗೀರದ ಕೋಟೆಯೂ ನಿಲಂಗಾದ ನೀಲಕಂಠೇಶ್ವರ ಗುಡಿಯೂ ತಮ್ಮ ಕಥೆಯನ್ನು ಕಲ್ಲಿನಲ್ಲಿಯೇ ಹೇಳಿಕೊಂಡಿವೆ. ಬಟ್ಟೆಯ ಕಥೆಯನ್ನು ಮಾತ್ರ ಯಾರಾದರೂ ಬಾಯಿಂದ ಹೇಳಬೇಕಾಗುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಎಳೆಯರಿಗಾಗಿ ಹೇಳುತ್ತೇವೆ. ಕಲ್ಲು ಮಣ್ಣಿನ ದಪ್ಪ ಗೋಡೆಗಳು. ಮೇಲೆ ತೊಲೆ, ಜಂತಿ. ಜಂತಿಯ ಮೇಲೆ ಮಣ್ಣು ಮೆತ್ತಿದ ಮಾಳಿಗೆ. ಒಳಗೆ ತೊಲೆಗೆ ಎರಡು ಕಡೆ ಹಗ್ಗ ಬಿಗಿದು, ಬಿದಿರ ಗಳವೊಂದನ್ನು ಅಡ್ಡಲಾಗಿ ಇಳಿಬಿಟ್ಟಿರುತ್ತಿದ್ದರು. ಬೆಳಗಾಗುತ್ತಲೇ ಮನೆಯ ಕೌದಿಗಳೆಲ್ಲ ಮಡಿಕೆಯಾಗಿ ಆ ಗಳವನ್ನು ಏರುತ್ತಿದ್ದವು. ಇಲಿ ಕಡಿಯಬಾರದು, ನೆಲದ ತಂಪು ತಾಗಬಾರದು, ಗಾಳಿಯಾಡಬೇಕು ಎಂಬುದು ಅದರ ಕಾರಣ. ಆದರೆ ಯಾವ ಕೌದಿ ಮೇಲೆ ಬರಬೇಕು, ಅದರ ಯಾವ ಅಂಚು ಬಾಗಿಲಿನ ಕಡೆಗೆ ಕಾಣಬೇಕು ಎಂಬುದು ಇಲಿಗೂ ತಂಪಿಗೂ ಸಂಬಂಧಿಸಿದ ವಿಷಯವಲ್ಲ. ಹರಕು ಕೌದಿ ಒಳಗೆ, ಹೊಸದು ಹೊರಗೆ. ಹೆಣ್ಣು ನೋಡಲು ಬಂದವರ ಕಣ್ಣು ಹೆಣ್ಣಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತಿತ್ತೋ ಗಳದ ಮೇಲೆಯೂ ಅಷ್ಟೇ ಹೊತ್ತು ನಿಲ್ಲುತ್ತಿತ್ತು ಎಂದು ನಮ್ಮ ಆಯಿ ಹೇಳುತ್ತಿದ್ದಳು. ಗಳ ತುಂಬಿದ್ದರೆ ಅದು ಬೀಗರು ಬಿಜ್ಜರು ಬಂದರೆ ಹಾಸಿ ಹೊದಿಸುವ ಶಕ್ತಿಯುಳ್ಳ ಮನೆ. ಅಲ್ಲಿಯ ಹೆಂಗಸರ ಕೈ ಸುಮ್ಮನೆ ಕೂರುವುದಲ್ಲ. ಗಳ ಬರಿದಾಗಿದ್ದರೆ ಅದಕ್ಕೂ ಅರ್ಥವಿತ್ತು. ಆದುದರಿಂದ ನೆರೆಯವರಿಂದ ನಾಲ್ಕು ಕೌದಿಗಳನ್ನು ಎರವು ತಂದು ಗಳಕ್ಕೆ ಹಾಕಿ ಹೆಣ್ಣು ತೋರಿಸಿದ ಪ್ರಸಂಗಗಳೂ ಉಂಟು! ಗೋಡೆಯ ಮೇಲೆ ಹಾಕಿದ್ದು ಹೊಸತಿರಬಹುದು, ಕಾಣುವಂತೆ ಹಾಕುವುದು ಹೊಸತಲ್ಲ.

ವರ್ಷಕ್ಕೊಮ್ಮೆ ಈ ಪ್ರದರ್ಶನ ಬಯಲಿಗೂ ಬರುತ್ತಿತ್ತು. ನವರಾತ್ರಿಯ ಘಟಸ್ಥಾಪನೆಗೆ ಮುನ್ನ ಮನೆಯನ್ನೆಲ್ಲ ಸಾರಿಸಿ, ಸುಣ್ಣ ಬಳಿದು, ಇದ್ದಬದ್ದ ಹಾಸಿಗೆ ಹೊದಿಕೆಗಳನ್ನು ಹೊಳೆಗೆ ಹೊತ್ತೊಯ್ಯುವ ಪದ್ಧತಿ ಕನ್ನಡದ ಮನೆಗಳಲ್ಲಿಯೂ ಮರಾಠಿಯ ಮನೆಗಳಲ್ಲಿಯೂ ಒಂದೇ ಆಗಿದೆ. ಮರಾಠಿಯವರು ಇದನ್ನು ‘ದಸರಾ ಕಾಢಣೆ’ ಎನ್ನುತ್ತಾರೆ. ತೇರಣಾ ಮಾಂಜರಾ ನದಿಗಳ ದಂಡೆಯ ಊರಿನವರು ನದಿಗೆ ಹೋಗುತ್ತಿದ್ದರು. ಉಳಿದವರಿಗೆ ಹಳ್ಳವೋ ಬಾವಿಯೋ ಗತಿ. ಬಿಸಿನೀರಿನಲ್ಲಿ ಚೌಳು ಹಾಕಿ ಹಿಂದಿನ ರಾತ್ರಿಯೇ ನೆನೆಯಿಟ್ಟ ಕೌದಿಯನ್ನು ಬಂಡೆಯ ಮೇಲೆ ಬಡಿಯುವ ಸದ್ದು ಊರಿಗೆಲ್ಲ ಕೇಳಿಸುತ್ತಿತ್ತು. ನೀರು ಕುಡಿದ ಕೌದಿ ಒಬ್ಬರ ಕೈಗೆ ಆಗುವ ಭಾರವಲ್ಲ. ಇಬ್ಬರು ಎರಡು ತುದಿಯನ್ನು ಹಿಡಿದು, ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ಹಿಂಡಬೇಕು. ಅತ್ತೆ ಸೊಸೆಯರು ಎಷ್ಟು ಮುನಿಸಿಕೊಂಡಿದ್ದರೂ ಅಂದು ಎದುರುಬದುರು ನಿಲ್ಲದೆ ಗತ್ಯಂತರವಿರಲಿಲ್ಲ. ಬಳಿಕ ದಂಡೆಯ ಉದ್ದಕ್ಕೂ ಬಂಡೆಗಳ ಮೇಲೆ ಕೆಂಪು, ಹಸಿರು, ಕಪ್ಪು ಚೌಕಗಳು ಹರಡಿಕೊಳ್ಳುತ್ತಿದ್ದವು. ಒಣಗುವವರೆಗೆ ಹೆಂಗಸರು ಅವುಗಳ ನಡುವೆ ತಿರುಗಾಡಿ ಹೊಲಿಗೆಯನ್ನು ಪರೀಕ್ಷಿಸುತ್ತಿದ್ದರು. ಹೊಲಿಗೆಯ ಸಾಲನ್ನು ನೋಡಿಯೇ ಇದು ಇಂಥವರ ಕೈ ಎಂದು ಗುರುತಿಸುವವರಿದ್ದರು. ಇಂದು ಚಿತ್ರಗಳನ್ನು ಸಾಲಾಗಿಟ್ಟು ತೋರಿಸುವ ಭವನಗಳಲ್ಲಿ ನಡೆಯುವುದೂ ಇದೇ ಕೆಲಸ; ಅಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ, ಅಷ್ಟೇ ಭೇದ. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಹಬ್ಬವೂ ಒಣಗುತ್ತಿತ್ತು. 2016ರ ಬೇಸಿಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರನ್ನು ತರಿಸಬೇಕಾಯಿತೆಂಬುದನ್ನು ನೆನೆದರೆ, ನೀರಿನ ಬರ ಈ ನೆಲಕ್ಕೆ ಎಷ್ಟು ಹತ್ತಿರದ ನೆಂಟನೆಂಬುದು ತಿಳಿಯುತ್ತದೆ.

ಇನ್ನು ಹೆಸರಿನ ವಿಚಾರ. ನಾವು ಕೌದಿ ಎನ್ನುವುದನ್ನು ನೆರೆಯ ಮರಾಠಿಯವರು ಗೋಧಡಿ ಎನ್ನುತ್ತಾರೆ, ಕೆಲವರು ವಾಕಳ ಎನ್ನುತ್ತಾರೆ. ಹಳಗನ್ನಡ ನಡುಗನ್ನಡಗಳ ವಾಚಕರಿಗೆ ಕಂಥೆ, ಬೊಂತೆ ಎಂಬ ಮಾತುಗಳು ಪರಿಚಿತವಾಗಿಯೇ ಇವೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಬೊಂತಾದೇವಿ ಎಂಬಾಕೆಯ ಹೆಸರೇ ಕೌದಿಯಿಂದ ಬಂದುದು. ಕಾಶ್ಮೀರದ ರಾಜಕುಲದ ಈಕೆ ಎಲ್ಲವನ್ನೂ, ಉಟ್ಟ ಬಟ್ಟೆಯನ್ನೂ ತೊರೆದು ಕಲ್ಯಾಣದ ದಾರಿ ಹಿಡಿದಾಗ ಶಿವನು ಹೊದೆಯಲು ಬೊಂತೆಯೊಂದನ್ನು ಕೊಟ್ಟನೆಂದೂ, ಅಂದಿನಿಂದ ನಿಜದೇವಿ ಎಂಬ ಆಕೆಯ ಮೊದಲಿನ ಹೆಸರು ಮರೆಯಾಗಿ ಬೊಂತಾದೇವಿಯೆಂದು ಕರೆಯಲ್ಪಟ್ಟಳೆಂದೂ ಐತಿಹ್ಯವಿದೆ. ಆಕೆಯ ವಚನಗಳ ಅಂಕಿತ ‘ಬಿಡಾಡಿ’. ಆಕೆ ಬಂದು ಸೇರಿದ ಕಲ್ಯಾಣ, ಎಂದರೆ ಇಂದಿನ ಬಸವಕಲ್ಯಾಣ, ನಮ್ಮ ಉಮರ್ಗಾದಿಂದ ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ. ಐತಿಹ್ಯವನ್ನು ಚರಿತ್ರೆಯೆಂದು ನಾವು ಹೇಳುವುದಿಲ್ಲ. ಆದರೆ ದೇವರು ಭಕ್ತೆಗೆ ಪಟ್ಟೆಪೀತಾಂಬರವನ್ನು ಕೊಡಲಿಲ್ಲ, ಚೂರುಗಳನ್ನು ಕೂಡಿಸಿ ಹೊಲಿದುದನ್ನು ಕೊಟ್ಟನೆಂದು ನಂಬಿದ ಜನ ಕೌದಿಯನ್ನು ಕೀಳಾಗಿ ಕಂಡಿರಲಾರರು.

ಕೌದಿಯ ನಿರ್ಮಾಣದಲ್ಲಿ ಹೊಸ ಬಟ್ಟೆಗೆ ಪ್ರವೇಶವೇ ಇಲ್ಲ. ಉಟ್ಟು ಹಳತಾದ ನೂಲಿನ ಸೀರೆ, ಧೋತರ, ಕುಪ್ಪಸದ ಖಣ, ಮಕ್ಕಳ ಅಂಗಿ, ಇವೇ ಅದರ ಸಾಮಗ್ರಿ. ಒಳಗೆ ಹಳೆಯ ಸೀರೆಗಳನ್ನು ಮೂರು ನಾಲ್ಕು ಪದರಾಗಿ ಹಾಸಿ, ಮೇಲೆ ಬಣ್ಣದ ಚೂರುಗಳನ್ನು ಹೊಂದಿಸಿ, ಅಂಚಿನಿಂದ ಆರಂಭಿಸಿ ನಾಲ್ಕೂ ಸುತ್ತು ಹೊಲಿಯುತ್ತ ನಡುವಿಗೆ ಬರುವುದು ಕ್ರಮ. ಸುಗ್ಗಿ ಮುಗಿದು ಹೊಲದ ಕೆಲಸ ಕಡಮೆಯಾದ ಬೇಸಿಗೆಯ ಮಧ್ಯಾಹ್ನಗಳೇ ಅದರ ಕಾಲ. ಪಡಸಾಲೆಯಲ್ಲಿ ಕೌದಿಯನ್ನು ಹಾಸಿ, ನಾಲ್ಕು ಕಡೆಗೆ ನಾಲ್ವರು ಕುಳಿತು, ಒಬ್ಬರು ಕನ್ನಡದಲ್ಲಿ ಆರಂಭಿಸಿದ ಮಾತನ್ನು ಇನ್ನೊಬ್ಬರು ಮರಾಠಿಯಲ್ಲಿ ಮುಗಿಸುತ್ತಿದ್ದರು. ಉದಗೀರದ ಕಡೆಯಾದರೆ ಉರ್ದುವಿನ ನಾಲ್ಕು ಮಾತುಗಳೂ ಅದರಲ್ಲಿ ಬೆರೆಯುತ್ತಿದ್ದವು. ಕೊನೆಯ ಸುತ್ತು ಮುಚ್ಚುವ ಮುನ್ನ ನಮ್ಮ ಆಯಿ ನಡುವಿನಲ್ಲಿ ರೊಟ್ಟಿಯ ಒಂದು ಚೂರನ್ನು ಇಟ್ಟು ಹೊಲಿಯುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು. ಅದು ಹಸಿದರೆ ಅದನ್ನು ಹೊದ್ದವರು ಹಸಿಯುತ್ತಾರೆ ಎಂಬುದು ಆಕೆಯ ನಂಬಿಕೆ. ಇಲಿಗೆ ಹೆದರಿ ಕೌದಿಯನ್ನು ಗಳಕ್ಕೆ ಹಾಕುವವಳೇ ಅದರ ಹೊಟ್ಟೆಯಲ್ಲಿ ರೊಟ್ಟಿಯನ್ನು ಇಡುತ್ತಿದ್ದಳೆಂಬುದನ್ನು ನೆನೆದು ಈಗ ನಗು ಬರುತ್ತದೆ.

ನಾವು ಗೋಡೆಗೆ ಹಾಕಿದ ಕೌದಿಯನ್ನು ಹೊಲಿದವಳು ಈ ಆಯಿಯೇ. ಆಕೆಯ ತವರು ಭಾಲ್ಕಿಯ ಕಡೆ. ಕೊಟ್ಟದ್ದು ನಿಲಂಗಾ ತಾಲ್ಲೂಕಿನ ಹಳ್ಳಿಗೆ. ಮದುವೆಯಾದಾಗ ಭಾಲ್ಕಿ, ನಿಲಂಗಾ, ಉದಗೀರ ಮೂರೂ ನಿಜಾಮ ಸಂಸ್ಥಾನದ ಬೀದರ ಜಿಲ್ಲೆಯೊಳಗೆ ಇದ್ದವು. ಉಮರ್ಗಾ ಮಾತ್ರ ಉಸ್ಮಾನಾಬಾದ ಜಿಲ್ಲೆಗೆ ಸೇರಿತ್ತು. ಆಗಿನ ಸರಕಾರಿ ವ್ಯವಹಾರದ ಭಾಷೆ ಉರ್ದು. 1948ರ ಸಪ್ಟಂಬರಿನಲ್ಲಿ ಪೋಲೀಸು ಕಾರ್ಯಾಚರಣೆಯಾಗಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆ ಹರಿದು ಹಂಚಿಹೋಯಿತು. ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. 1960ರ ಮೇ 1ರಂದು ಅದೇ ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರು ಪ್ರತ್ಯೇಕ ಜಿಲ್ಲೆಯಾಗಿ ನಿಲಂಗಾ, ಉದಗೀರಗಳು ಅದಕ್ಕೆ ಸೇರಿದವು. ಉಮರ್ಗಾವನ್ನು ಒಳಗೊಂಡ ಉಸ್ಮಾನಾಬಾದ ಜಿಲ್ಲೆಗೆ 2023ರಲ್ಲಿ ಧಾರಾಶಿವ ಎಂಬ ಹೆಸರು ಬಂದಿತು. ಹೀಗೆ ನಮ್ಮ ಆಯಿ ಮನೆಯ ಹೊಸ್ತಿಲನ್ನು ದಾಟದೆಯೇ ಸಂಸ್ಥಾನದಿಂದ ರಾಜ್ಯಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದಳು. ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯ ಎಂದಾಯಿತು.

ಆಕೆಗೆ ಯಾವ ಲಿಪಿಯೂ ಬಾರದು. ಉರ್ದುವಿನ ಕಾಲದಲ್ಲಿ ಶಾಲೆಯನ್ನು ಕಾಣಲಿಲ್ಲ. ಕನ್ನಡವನ್ನು ಆಡಿದಳಲ್ಲದೆ ಬರೆಯಲಿಲ್ಲ. ಮಕ್ಕಳು ಮರಾಠಿಯಲ್ಲಿ ಓದಿದರು. ನಮ್ಮ ಮನೆಯ ಜಮೀನಿನ ಹಳೆಯ ಕಾಗದಗಳು ಉರ್ದುವಿನಲ್ಲಿವೆ, ನಂತರದವು ಮರಾಠಿಯಲ್ಲಿವೆ. ಅವುಗಳಲ್ಲಿ ಗಂಡಸರ ಹೆಸರುಗಳಿವೆ. ಆಯಿಯ ಹೆಸರು ಯಾವುದರಲ್ಲಿಯೂ ಇಲ್ಲ. ಆಕೆ ಇದ್ದಳು, ಇಂಥ ತವರಿನಿಂದ ಬಂದಳು, ಇಂಥ ಮಕ್ಕಳನ್ನು ಹೆತ್ತಳು, ಒಂದು ಕೂಸನ್ನು ಕಳೆದುಕೊಂಡಳು ಎಂಬುದಕ್ಕೆ ನಮ್ಮಲ್ಲಿರುವ ದಾಖಲೆ ಆ ಕೌದಿಯೊಂದೇ. ಅದರಲ್ಲಿ ತವರಿನವರು ಮದುವೆಯಲ್ಲಿ ಉಡಿಸಿದ ಇಳಕಲ್ಲ ಸೀರೆಯ ಕೆಂಪು ಸೆರಗಿದೆ. ಗಂಡನ ರುಮಾಲಿನ ಚೂರಿದೆ. ಉಳಿಯದ ಕೂಸಿನ ಕುಂಚಿಗೆಯ ತುಂಡು ಒಂದು ಮೂಲೆಯಲ್ಲಿದೆ. ತನ್ನ ಕೌದಿ ಚರಿತ್ರೆಯೆಂದು ಆಯಿ ಎಂದೂ ಹೇಳಿದವಳಲ್ಲ. ಹಾಗೆ ಯಾರಾದರೂ ಹೇಳಿದ್ದರೆ ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದಳು. ಆಕೆ ಹೊಲಿದದ್ದು ಮಕ್ಕಳಿಗೆ ಚಳಿಯಾಗದಿರಲೆಂದು. ಆದರೆ ಚೂರನ್ನು ಎಲ್ಲಿ ಇಡಬೇಕೆಂಬುದನ್ನು ಆಕೆಯೇ ನಿರ್ಣಯಿಸಿದಳು. ಕುಂಚಿಗೆಯ ತುಂಡನ್ನು ನಡುವಿಗೆ ಇಡದೆ ಮೂಲೆಗೆ ಇಟ್ಟಳು. ಏಕೆಂದು ನಾವು ಕೇಳಲಿಲ್ಲ.

1993ರ ಸಪ್ಟಂಬರ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿದುದನ್ನು ಈ ಮೂರು ತಾಲ್ಲೂಕಿನವರಿಗೆ ನೆನಪು ಮಾಡಿಕೊಡಬೇಕಾಗಿಲ್ಲ. ಹಿಂದಿನ ದಿನವಷ್ಟೆ ಗಣಪತಿಯನ್ನು ಕಳುಹಿಸಿ ಬಂದು ಜನರು ಮಲಗಿದ್ದರು. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು ಮೊದಲಾದ ಊರುಗಳಲ್ಲಿ, ಚಳಿ ಬಿಸಿಲುಗಳಿಂದ ನೂರಾರು ವರ್ಷ ಕಾಪಾಡಿದ ಆ ದಪ್ಪ ಗೋಡೆಗಳೇ ಮಲಗಿದವರ ಮೇಲೆ ಬಿದ್ದವು. ಸಾವಿರಾರು ಜನ ಸತ್ತರು. 52 ಗ್ರಾಮಗಳು ಇದ್ದ ಸ್ಥಳದಲ್ಲಿ ಉಳಿಯಲಿಲ್ಲ. ನಮ್ಮ ಮನೆಯ ಹಿಂಭಾಗ ಕುಸಿಯಿತು. ದೈವವಶಾತ್ ಎಲ್ಲರೂ ಪಡಸಾಲೆಯಲ್ಲಿ ಮಲಗಿದ್ದೆವು. ಮೇಲಿಂದ ಮಳೆಯೂ ಸುರಿಯಿತು. ಬಯಲಿನಲ್ಲಿ ರಾತ್ರಿಗಳನ್ನು ಕಳೆಯುವಾಗ, ಮಣ್ಣಿನಿಂದ ಎಳೆದು ತೆಗೆದ ಕೌದಿಗಳನ್ನು ಹೊದ್ದು ನಾವೂ ನೆರೆಯವರೂ ಜಾತಿ ಭಾಷೆಗಳ ಭೇದವಿಲ್ಲದೆ ಮಲಗಿದೆವು. ಪರಿಹಾರದ ಕಂಬಳಿಗಳು ಬಂದುದು ಆಮೇಲೆ. ದೀಪಾವಳಿಯಲ್ಲಿ ನಕ್ಕ ಹಿರಿಯರು ಅಂದು ನಮ್ಮ ಮಗ್ಗುಲಲ್ಲಿಯೇ ಮಲಗಿದ್ದವರು. ಥಂಡಿಯಲ್ಲಿ ಏನು ಹೊಚ್ಚಿಕೊಳ್ಳುವಿರಿ ಎಂದು ಕೇಳಲು ಅವರಿಗೆ ಅಧಿಕಾರವಿದೆ.

ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 1994ರಲ್ಲಿ ಪುನರ್ವಸತಿಯ ದೊಡ್ಡ ಯೋಜನೆ ಆರಂಭವಾಯಿತು. ಭೂಕಂಪವನ್ನು ತಡೆದುಕೊಳ್ಳುವ ಹೊಸ ಮನೆಗಳು ನೇರ ಬೀದಿಗಳಲ್ಲಿ ಸಾಲಾಗಿ ಎದ್ದವು. ಅವು ಬೇಕಾಗಿದ್ದವು, ಆ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಅವುಗಳಲ್ಲಿ ತೊಲೆಯಿಲ್ಲ, ಜಂತಿಯಿಲ್ಲ. ಆದುದರಿಂದ ಗಳವೂ ಇಲ್ಲ. ಕೌದಿ ಮಂಚದ ಕೆಳಗೆ, ತಗಡಿನ ಪೆಟ್ಟಿಗೆಗೆ, ಅಟ್ಟಕ್ಕೆ ಹೋಯಿತು. ಕಾಣದ ವಸ್ತುವನ್ನು ಯಾರು ಹೊಲಿಯುತ್ತಾರೆ? ಅದಕ್ಕೆ ಮೊದಲೇ ಬೇರೆ ಕಾರಣಗಳೂ ಕೂಡಿದ್ದವು. ನೂಲಿನ ಸೀರೆಯ ಬದಲು ಜಾರುವ ಕೃತಕ ನೂಲಿನ ಸೀರೆ ಬಂದಿತು; ಅದು ಬೆವರನ್ನು ಹೀರದು, ಸೂಜಿಗೆ ನಿಲ್ಲದು. ಸೊಲ್ಲಾಪುರದ ಚಾದರ ಅಗ್ಗವಾಗಿ ಸಿಕ್ಕಿತು. ಹಳೆಯ ಸೀರೆಗಳನ್ನು ಕೊಟ್ಟರೆ ಸ್ಟೀಲಿನ ಪಾತ್ರೆ ಕೊಡುವವರು ಬಾಗಿಲಿಗೆ ಬಂದರು. ಹತ್ತು ಸೀರೆಗೆ ಒಂದು ಡಬರಿ! ಹೊಳೆಯುವ ಡಬರಿಯನ್ನು ಬೇಡವೆನ್ನುವ ಧೈರ್ಯ ನಮ್ಮ ಮನೆಯಲ್ಲಿಯೂ ಯಾರಿಗೂ ಇರಲಿಲ್ಲ.

ಕೌದಿಯಂಥ ವಸ್ತು ಗೋಡೆಗೇರಿದ ಕಥೆ ಹೊರಗಿನ ದೇಶಗಳಲ್ಲಿಯೂ ಉಂಟು. ಅಮೆರಿಕದ ಹಳ್ಳಿಗಳ ಹೆಂಗಸರು ಹೊಲಿದ ಕೌದಿಗಳನ್ನು 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯವು ಬಿಳಿಯ ಗೋಡೆಗಳ ಮೇಲೆ ಚಿತ್ರಗಳಂತೆ ತೂಗುಹಾಕಿತು. ಜೊನಾಥನ್ ಹೋಲ್‌ಸ್ಟೀನ್, ಗೇಲ್ ವ್ಯಾನ್ ಡರ್ ಹೂಫ್ ಎಂಬಿಬ್ಬರು ಅವನ್ನು ಸಂಗ್ರಹಿಸಿದ್ದರು. ನೋಡಿದವರು ಬೆರಗಾದರು. ಆದರೆ ಹೊಲಿದವರಲ್ಲಿ ಬಹುಮಂದಿಯ ಹೆಸರು ಅಲ್ಲಿ ಇರಲಿಲ್ಲ. ಕೌದಿ ಗೋಡೆಗೇರಿತು, ಹೆಂಗಸು ಕೆಳಗೇ ಉಳಿದಳು. 2002ರಲ್ಲಿ ಆಲಬಾಮಾ ಪ್ರಾಂತದ ಜೀಸ್ ಬೆಂಡ್ ಎಂಬ ಊರಿನ, ಗುಲಾಮರ ಸಂತತಿಯ ಕರಿಯ ಹೆಂಗಸರ ಕೌದಿಗಳನ್ನು ಹ್ಯೂಸ್ಟನ್ನಿನಲ್ಲಿಯೂ ಮುಂದೆ ವಿಟ್ನಿಯಲ್ಲಿಯೂ ತೂಗುಹಾಕಿದಾಗ ಪ್ರತಿಯೊಬ್ಬಳ ಹೆಸರೂ ಜೊತೆಗಿತ್ತು. ಅವರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬಾಕೆ 1942ರಲ್ಲಿ ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಒಂದು ಕೌದಿಯನ್ನು ಹೊಲಿದಿದ್ದಳು. ಇದನ್ನು ಓದಿದಾಗ ನಮಗೆ ಆಯಿಯ ಕೌದಿಯಲ್ಲಿರುವ ರುಮಾಲು ನೆನಪಾಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಹೆನ್ರಿ ಡ್ರೂಯಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಅಭ್ಯಾಸ ಮಾಡಿದರು. ಆ ಹೆಂಗಸರದೇ ಒಂದು ಸಹಕಾರ ಸಂಘ 2004ರಲ್ಲಿ ಏರ್ಪಟ್ಟಿತು. ಅವರ ಕೌದಿಗಳೂ ನ್ಯೂಯಾರ್ಕಿನ ಗೋಡೆಗಳನ್ನು ಕಂಡವು. ಸಿದ್ದಿಯರು ಕೌದಿಯ ಮೂಲೆಗಳಿಗೆ ‘ಫೂಲ’ ಎಂಬ ಪುಟ್ಟ ಮಡಿಕೆಯನ್ನು ಸೇರಿಸುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ವಂಗದೇಶದಲ್ಲಿ ಐ.ಸಿ.ಎಸ್. ಅಧಿಕಾರಿ ಗುರುಸದಯ ದತ್ತರು ಹಳ್ಳಿಗಳನ್ನು ಸುತ್ತಿ ಕಾಂಥಾಗಳನ್ನು ಕೂಡಿಸಿದ್ದರು. 1941ರಲ್ಲಿ ಅವರು ತೀರಿಕೊಂಡರು, 1963ರಲ್ಲಿ ಕಲಕತ್ತೆಯ ಬಳಿಯ ಜೋಕಾದಲ್ಲಿ ಅವರ ಹೆಸರಿನ ಸಂಗ್ರಹಾಲಯ ತೆರೆಯಿತು. ನಮ್ಮ ಮೂರು ತಾಲ್ಲೂಕುಗಳ ಕೌದಿಗಳಿಗೆ ಅಂಥ ದತ್ತರು ದೊರೆತಿಲ್ಲ. ನಮ್ಮ ನಮ್ಮ ಪಡಸಾಲೆಯೇ ಸಂಗ್ರಹಾಲಯವಾಗಬೇಕು.

ಹಾಗಾದರೆ ತೂಗುಹಾಕುವ ರೀತಿಯನ್ನೂ ಹೇಳಬೇಕು. ಏಕೆಂದರೆ ನಾವು ಮೊದಲು ಅದನ್ನು ಕೆಡಿಸಿದೆವು. ಉತ್ಸಾಹದಲ್ಲಿ ಆಯಿಯ ಇನ್ನೊಂದು ಕೌದಿಯ ನಾಲ್ಕು ಮೂಲೆಗೆ ನಾಲ್ಕು ಮೊಳೆ ಹೊಡೆದು, ಕಿಟಕಿಯ ಎದುರಿನ ಗೋಡೆಗೆ ಬಿಗಿದೆವು. ಕೌದಿಯ ಭಾರವೆಲ್ಲ ಮೇಲಿನ ಎರಡು ಮೊಳೆಗಳ ಮೇಲೆ ಬಿದ್ದು ಮಳೆಗಾಲ ಮುಗಿಯುವಷ್ಟರಲ್ಲಿ ಬಟ್ಟೆ ಸೀಳಿತು. ಬಿಸಿಲು ಬಿದ್ದ ಕಡೆಯ ಕೆಂಪು ಬಿಳುಪೇರಿತು. ಕಳೆದ ಬಣ್ಣ ತಿರುಗಿ ಬರುವುದಿಲ್ಲ. ಸಂಗ್ರಹಾಲಯದವರು ಅನುಸರಿಸುವ ಕ್ರಮ ನಮ್ಮ ಗಳದ ಕ್ರಮಕ್ಕೇ ಸಮೀಪವಾಗಿದೆಯೆಂದು ಆಮೇಲೆ ತಿಳಿಯಿತು. ಕೌದಿಯ ಹಿಂಬದಿಗೆ, ಮೇಲಂಚಿನ ಉದ್ದಕ್ಕೂ, ನಾಲ್ಕು ಬೆರಳಗಲದ ನೂಲಿನ ಪಟ್ಟಿಯೊಂದನ್ನು ನಳಿಗೆಯಂತೆ ಹೊಲಿಯಬೇಕು. ಹೊಲಿಗೆ ಹಿಂದಿನ ಪದರಗಳನ್ನು ಹಿಡಿದರೆ ಸಾಕು, ಮುಂದಕ್ಕೆ ಕಾಣಬೇಕಾಗಿಲ್ಲ. ಅದರೊಳಗೆ ನುಣುಪಾದ ಕೋಲನ್ನು ತೂರಿಸಿ ಕೋಲಿನ ಎರಡು ತುದಿಗಳನ್ನು ಗೋಡೆಯ ಗೂಟಗಳ ಮೇಲೆ ಇಡಬೇಕು. ಆಗ ಭಾರ ಉದ್ದಕ್ಕೂ ಸಮನಾಗಿ ಹಂಚಿಹೋಗುತ್ತದೆ. ಹಳೆಯ ಮನೆಯ ಗಿಳಿಗೂಟಗಳು ಉಳಿದಿದ್ದರೆ ಅವು ಈ ಕೆಲಸಕ್ಕೆ ಒದಗಿಯಾವು. ನೇರ ಬಿಸಿಲು ಬೀಳುವ ಗೋಡೆ, ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆ, ಒಲೆಯ ಹೊಗೆ ಬರುವ ಕಡೆ ಬೇಡ. ಕೆಲವು ತಿಂಗಳಿಗೊಮ್ಮೆ ಇಳಿಸಿ, ಧೂಳು ತೆಗೆದು, ನೆರಳಿನಲ್ಲಿ ಗಾಳಿಗೆ ಹರಡಿ, ಅದಕ್ಕೆ ವಿಶ್ರಾಂತಿ ಕೊಡಬೇಕು. ಮಡಿಸಿ ಇಡುವಾಗ ಪ್ರತಿಸಲವೂ ಒಂದೇ ಗೆರೆಯಲ್ಲಿ ಮಡಿಸಿದರೆ ಆ ಗೆರೆಯಲ್ಲಿಯೇ ಹರಿಯುತ್ತದೆ. ಒಣಗಿದ ಬೇವಿನ ಎಲೆಯ ಗುಣವನ್ನು ಹೇಳಿಕೊಡಬೇಕಾದುದಿಲ್ಲ. ಬಹಳ ಹಳತಾದುದನ್ನು ಬಂಡೆಗೆ ಬಡಿಯುವುದೂ ಯಂತ್ರಕ್ಕೆ ಹಾಕುವುದೂ ಒಂದೇ.

ಇದಕ್ಕಿಂತ ಅಗತ್ಯವಾದುದು ಇನ್ನೊಂದಿದೆ. ಕೌದಿಯ ಪಕ್ಕದಲ್ಲಿ ಒಂದು ಕಾಗದವಿರಬೇಕು: ಹೊಲಿದವಳ ಹೆಸರು, ಆಕೆಯ ತವರು, ಯಾವ ಚೂರು ಯಾರ ಬಟ್ಟೆಯದು ಎಂಬ ವಿವರ. ಇಷ್ಟನ್ನು ಕನ್ನಡದಲ್ಲಿ ಬರೆದಿಡಲು ಒಂದು ಸಂಜೆ ಸಾಕೆಂದು ನಾವು ತಿಳಿದಿದ್ದೆವು. ಬರೆಯಲು ಕುಳಿತಾಗ ಇಪ್ಪತ್ತನಾಲ್ಕು ಚೂರುಗಳಲ್ಲಿ ನಮಗೆ ಹೇಳಬರುವುವು ಒಂಬತ್ತೇ ಎಂದು ಗೊತ್ತಾಯಿತು. ಭಾಲ್ಕಿಗೆ ಹೋಗಿ ತವರಿನ ಕಡೆಯವರನ್ನು ಕೇಳಿದಾಗ ಇನ್ನೂ ಐದು ತಿಳಿದವು. ಅಲ್ಲಿಯ ಒಬ್ಬ ಮುದುಕಿ ಕೆಂಪು ಸೆರಗಿನ ಚೂರನ್ನು ಮುಟ್ಟಿ ನೋಡಿ, ಅದು ಮದುವೆಯ ಸೀರೆಯದಲ್ಲ, ಸೀಮಂತದ್ದು ಎಂದು ನಮ್ಮ ಬರಹವನ್ನು ತಿದ್ದಿದಳು. ಅದನ್ನು ತಿದ್ದಿಕೊಂಡಿದ್ದೇವೆ.

ಹಸಿರು ನೆಲದ ಮೇಲೆ ಸಣ್ಣ ಹಳದಿ ಹೂಗಳಿರುವ ಒಂದು ಚೂರು ನಡುವಿನಲ್ಲಿಯೇ ಇದೆ. ರೊಟ್ಟಿಯನ್ನು ಇಟ್ಟು ಮುಚ್ಚಿದ ಸ್ಥಳ ಅದು. ಅದು ಯಾರದೆಂದು ಈ ವರೆಗೆ ಯಾರೂ ಹೇಳಲಿಲ್ಲ. ಉದಗೀರದಲ್ಲಿರುವ ನಮ್ಮ ಸೋದರತ್ತೆಗೆ ತಿಳಿದಿರಬಹುದು. ಆಕೆಗೆ ಎಂಬತ್ತು ದಾಟಿದೆ, ಕಣ್ಣು ಮಂದವಾಗಿದೆ. ಆದರೂ ಬೆರಳುಗಳಿಂದ ಸವರಿ ಬಟ್ಟೆಯನ್ನು ಗುರುತು ಹಿಡಿಯುತ್ತಾಳೆ. ಬರುವ ಘಟಸ್ಥಾಪನೆಗೆ ಮುನ್ನ ಕೌದಿಯನ್ನು ಗೋಡೆಯಿಂದ ಇಳಿಸಿ ಆಕೆಯ ಬಳಿಗೆ ಒಯ್ಯುವವರಿದ್ದೇವೆ.